ಗುರುವಂದನೆ ಸಾಮಾನು ಮೈಸೂರಲ್ಲಿ ತಗೊಳೋರಿಗೆ: ಪೇಟ ಪರ್ವಾಗಿಲ್ಲ, ಹಾರ ಬೇಡ, ಸನ್ಮಾನ ಪತ್ರ ಮಾತ್ರ ಇಲ್ಲೇ ಮಾಡ್ಸಿ

ಹಳೇ ಸ್ಟೂಡೆಂಟ್ಸ್ ಸೇರ್ಕೊಂಡು ಮೇಷ್ಟ್ರುಗಳಿಗೆ ಗುರುವಂದನೆ ಮಾಡೋದು ಈಗ ನಮ್ಮ ಮಂಡ್ಯ ಮೈಸೂರು ಕಡೆ ಜೋರಾಗಿದೆ, ಬ್ಯಾಚಿಗೊಂದು ವಾಟ್ಸಾಪ್ ಗ್ರೂಪು, ಗ್ರೂಪ್ ಅಂದ್ಮೇಲೆ ಒಂದು ಕಾರ್ಯಕ್ರಮ. ನಮ್ದು ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲು, 1998ರ ಎಸ್ಸೆಸ್ಸೆಲ್ಸಿ ಬ್ಯಾಚು. ಮೈಸೂರಲ್ಲಿರೋನು ನಾನೊಬ್ನೇ ಅಂತ ಶಾಲು ಪೇಟ ಹಾರ ಫ್ರೇಮು ಎಲ್ಲಾ ತರೋ ಕೆಲಸ ನನ್ ಕೊರಳಿಗೆ ಕಟ್ಟಿದ್ರು. ತಗೊಂಡಿದ್ದು ಚಿಕ್ಕ ಗಡಿಯಾರದ ಹತ್ರ ಒಂದು ಗಲ್ಲಿ ಅಂಗಡೀಲಿ. ಹೆಸರಿನ ಬೋರ್ಡೇ ಇಲ್ಲ ಅದಕ್ಕೆ, "ಶಾಲು ಪೇಟ ಹಾರ ಮೊಮೆಂಟೊ ದೊರೆಯುತ್ತದೆ" ಅಂತ ಬಿಸಿಲಿಗೆ ಮಾಸಿರೋ ಫ್ಲೆಕ್ಸ್ ಒಂದಿದೆ ಅಷ್ಟೆ. ಸುಮಾರು ಜನ ಎಲ್ಲಿ ಮಾಡ್ಸಿದ್ರಿ ಅಂತ ಕೇಳಿದ್ರಿಂದ ಬರೀತಿದ್ದೀನಿ.

ಒಳಗೆ ಹೋದ್ ತಕ್ಷಣ ಓನರ್ ಕೇಳೋ ಮೊದಲ್ನೇ ಪ್ರಶ್ನೆ "ಎಷ್ಟ್ ಸೆಟ್ ಸಾರ್". ಸೆಟ್ ಅಂದ್ರೆ ಒಂದು ಶಾಲು, ಒಂದು ಪೇಟ, ಒಂದು ಗಂಧದ ಹಾರ, ಒಂದು ಖಾಲಿ ಹಣ್ಣಿನ ಬುಟ್ಟಿ, ಹಣ್ಣು ನಾವೇ ಮಾರ್ಕೆಟ್ಟಲ್ಲಿ ತಗೊಂಡು ತುಂಬ್ಸಿ ಮೇಲೆ ಪ್ಲಾಸ್ಟಿಕ್ ಸುತ್ತಿಸ್ಬೇಕು. ಯಾರಿಗೆ ಸನ್ಮಾನ ಅಂತ ಅವ್ರು ಕೇಳಲ್ಲ, ಕೇಳೋ ಅವಶ್ಯಕತೆಯೂ ಇಲ್ಲ, ಎಮ್ಮೆಲ್ಲೆಗೂ ಅದೇ ಸೆಟ್, ರಿಟೈರಾಗೋ ಬಿಲ್ ಕಲೆಕ್ಟರ್‌ಗೂ ಅದೇ, ಮೇಷ್ಟ್ರಿಗೂ ಅದೇ. ನಮ್ಗೆ ಆರು ಸೆಟ್ ಬೇಕಿತ್ತು.

ಮೊದ್ಲು ಪೇಟ. ಅರಮನೆ ದರ್ಬಾರಲ್ಲಿ ರೇಷ್ಮೆ ಜರೀಲಿ ಕಟ್ತಿದ್ದ ಪೇಟ ಬೇರೆ, ಅಂಗಡೀಲಿ ರೆಡಿಮೇಡ್ ಸಿಗೋದು ರಟ್ಟಿನ ಮೇಲೆ ಮಿಂಚೋ ಬಟ್ಟೆ ಸುತ್ತಿ ಜರಿ ಪಟ್ಟಿ ಅಂಟಿಸಿರೋದು, ಇಲ್ಲಿ ಅದು 280 ರೂಪಾಯಿ. ಫೋಟೋಗೆ ಚೆನ್ನಾಗೇ ಬರುತ್ತೆ. ತೊಂದ್ರೆ ಏನಂದ್ರೆ ಸೈಜು. ಪಿ.ಟಿ. ಮೇಷ್ಟ್ರ ತಲೆ ಸೈಜ್ ಎಷ್ಟು ಅಂತ ಗ್ರೂಪಲ್ಲಿ ಕೇಳಿದ್ರೆ ಒಬ್ರಿಗೂ ಗೊತ್ತಿಲ್ಲ, ಯಾಕಂದ್ರೆ ಆ ಮನುಷ್ಯ ಮೂರು ವರ್ಷದಲ್ಲಿ ಒಂದಿನವೂ ನಮ್ ಮುಂದೆ ಬಿಳಿ ಕ್ಯಾಪ್ ತೆಗೆದೋರಲ್ಲ, ತಲೇಲಿ ಕೂದ್ಲಿದೆಯೋ ಇಲ್ವೋ ಅಂತ ಹುಡುಗ್ರು ಬೆಟ್ ಕಟ್ತಿದ್ರು. ಓನರ್ ಅದಕ್ಕೂ ದಾರಿ ಹೇಳಿದ್ರು, ಹಿಂದೆ ದಾರ ಇರೋ ಥರದ್ದು ಬರುತ್ತೆ, ಸಡಿಲ ಮಾಡಿ ಕಟ್ಬೋದು, 40 ರೂಪಾಯಿ ಜಾಸ್ತಿ. ಎಲ್ರಿಗೂ ಅದನ್ನೇ ತಗೊಂಡ್ವಿ, ನೀವೂ ಅದನ್ನೇ ತಗೊಳಿ. (ಕೂದ್ಲಿದೆ. ಬೆಟ್ ಕಟ್ಟಿದ್ದೋರು ಸ್ಟೇಜ್ ಹತ್ರಾನೇ ಲೆಕ್ಕ ಚುಕ್ತಾ ಮಾಡ್ಕೊಂಡ್ರು.)

ಗಂಧದ ಹಾರ ದಯವಿಟ್ಟು ತಗೋಬೇಡಿ. ಗಂಧದ ಮರದ ಬೆಲೆ ಗೊತ್ತಿರೋರ್ಯಾರೂ 120 ರೂಪಾಯಿಗೆ ಗಂಧದ ಹಾರ ಸಿಗುತ್ತೆ ಅಂತ ನಂಬಲ್ಲ ಬಿಡಿ. ಯಾವ್ದೋ ಮರದ ಸಿಪ್ಪೆ ಹೆರೆದು ಹೂವಿನ ಥರ ಸುತ್ತಿ ಸೆಂಟ್ ಹೊಡೆದಿರ್ತಾರೆ, ಎರಡು ದಿನಕ್ಕೆ ವಾಸನೆ ಹೋಗಿ ಬರೀ ಧೂಳು. ನಾವು ಹಾರ ಬಿಟ್ಟು ಆ ದುಡ್ಡಲ್ಲಿ ಮಾರ್ಕೆಟ್ಟಲ್ಲೇ ಮೈಸೂರು ಮಲ್ಲಿಗೆ ತಗೊಂಡ್ವಿ. ಶಾಲು ಸುಮಾರು, ಉಣ್ಣೆ ಅಂತಾರೆ ಉಣ್ಣೆ ಅಲ್ಲ, ಮೇ ತಿಂಗಳ ಬಿಸಿಲಲ್ಲಿ ಹೊದಿಸಿದ್ರೆ ವಯಸ್ಸಾದೋರಿಗೆ ಹಿಂಸೆ, ಹಗುರವಾಗಿರೋದು ಕೇಳಿ ತಗೊಳಿ.

ಈಗ ಅಸಲಿ ವಿಷ್ಯ, ಸನ್ಮಾನ ಪತ್ರ. ಅಂಗಡಿ ಹಿಂದುಗಡೆ ಸಣ್ಣ ರೂಮಲ್ಲಿ ಒಬ್ರು ಅಕ್ಕ ಕಂಪ್ಯೂಟರ್ ಮುಂದೆ ಕೂತಿರ್ತಾರೆ, ಡಿಟಿಪಿ ಪೂರ್ತಿ ಅವ್ರದ್ದೇ. ಪಕ್ಕದ ಗೋಡೆ ಮೇಲೆ ರಾಧಾಕೃಷ್ಣನ್ ಫೋಟೋ, ಸೆಪ್ಟೆಂಬರ್ 5ಕ್ಕೆ ಹಾಕಿದ್ದು ಹಾಗೇ ಇದೆಯಂತೆ. ಮೈಸೂರಿನೋರಿಗೆ ಆ ಫೋಟೋ ಬರೀ ರಾಷ್ಟ್ರಪತಿ ಫೋಟೋ ಅಲ್ಲ, 1918ರಿಂದ 1921ರವರೆಗೆ ಇಲ್ಲೇ ಮಹಾರಾಜ ಕಾಲೇಜಲ್ಲಿ ಫಿಲಾಸಫಿ ಮೇಷ್ಟ್ರಾಗಿದ್ದೋರು, ಕಲ್ಕತ್ತಾಗೆ ಹೊರಟಾಗ ಹುಡುಗ್ರು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳ್ಕೊಂಡು ರೈಲ್ವೆ ಸ್ಟೇಷನ್‌ಗೆ ಬಿಟ್ಟು ಬಂದ್ರು ಅನ್ನೋದು ಇಲ್ಲಿ ಎಲ್ರಿಗೂ ಗೊತ್ತಿರೋ ಕತೆ. ಆಗ ಸೆಟ್ ಗಿಟ್ ಏನೂ ಇರ್ಲಿಲ್ಲ.

ಅಕ್ಕ ಕೇಳಿದ್ರು, "ಯಾವ್ ಮ್ಯಾಟ್ರು ಹಾಕ್ಲಿ ಅಣ್ಣ, ಟೀಚರ್‌ದಾ ಸಮಾಜಸೇವಕರ್ದಾ?" ಎರಡೂ ರೆಡಿ ಇದೆ, ಹೆಸರಿನ ಜಾಗ ಖಾಲಿ ಬಿಟ್ಟಿರ್ತಾರೆ. ಟೀಚರ್ ಮ್ಯಾಟರ್ ಓದಿ ನೋಡ್ದೆ, ಜ್ಞಾನದ ದೀವಿಗೆ, ಅಜ್ಞಾನದ ಕತ್ತಲು, ಶಿಲ್ಪಿ, ಕಲ್ಲು, ಮೂರ್ತಿ, ಎಲ್ಲಾ ಇದೆ, ನಮ್ ಮೇಷ್ಟ್ರು ಒಬ್ರೂ ಇಲ್ಲ ಅದ್ರಲ್ಲಿ. ನನ್ ಮುಖ ನೋಡಿ ಅವ್ರೇ ಅಂದ್ರು, "ಇದು ಎಲ್ರಿಗೂ ಹಾಕೋದಣ್ಣ, ನಿಮ್ ಮೇಷ್ಟ್ರು ಏನ್ ಮಾಡಿದ್ರು ಅಂತ ನಾಲ್ಕ್ ಲೈನ್ ಬರ್ಕೊಂಬನ್ನಿ, ಅದನ್ನೇ ಹಾಕ್ಕೊಡ್ತೀನಿ, ರೇಟ್ ಅದೇ." ಈ ಒಂದು ಮಾತಿಗೆ ನಾನು ಈ ಅಂಗಡಿಗೆ ಎಷ್ಟು ಸ್ಟಾರ್ ಬೇಕಾದ್ರೂ ಕೊಡ್ತೀನಿ.

ಗ್ರೂಪಲ್ಲಿ ಕೇಳ್ದೆ. ಮೊದ್ಲು ಎಲ್ರೂ ಬರೆದಿದ್ದು "ಅವರಿಂದಲೇ ನಾವು ಇವತ್ತು ಹೀಗಿದೀವಿ" ಮತ್ತೆ ಕೈ ಮುಗಿಯೋ ಚಿತ್ರ. ಅದು ಬೇಡ ಕಣ್ರಪ್ಪ, ಏನ್ ಮಾಡಿದ್ರು ಅದನ್ನ ಹೇಳಿ ಅಂದ್ಮೇಲೆ ಶುರುವಾಯ್ತು, ರಾತ್ರಿ ಹನ್ನೆರಡಾದ್ರೂ ನಿಲ್ಲಲಿಲ್ಲ. ಲೆಕ್ಕದ ಮೇಷ್ಟ್ರು ಶೇಕಡಾವಾರು ಪಾಠಕ್ಕೆ ಪುಸ್ತಕದ ಲೆಕ್ಕ ಮುಟ್ತಿರ್ಲಿಲ್ಲ, ಮನೆಯಿಂದ ಕಬ್ಬಿನ ಬಿಲ್ ತನ್ನಿ ಅಂತಿದ್ರು, ಟನ್ ಎಷ್ಟು, ಟನ್ನಿಗೆ ರೇಟ್ ಎಷ್ಟು, ಕಟಾವು ಕೂಲಿ, ಲಾರಿ ಬಾಡಿಗೆ ಎಲ್ಲಾ ಬೋರ್ಡ್ ಮೇಲೆ ಕಳೆದು "ನಿಮ್ಮಪ್ಪನ್ ಕೈಗೆ ನೂರಕ್ಕೆ ಎಷ್ಟ್ ಬತ್ತದೆ ಯೋಳ್ಲಾ" ಅನ್ನೋರು. ಗ್ರೂಪಲ್ಲಿ ಒಬ್ಬ ಬರೆದ, ಅವತ್ತು ಮನೆಗೆ ಹೋಗಿ ಅಪ್ಪಂಗೆ ಆ ಉತ್ತರ ಹೇಳಿದೆ, ಅಪ್ಪ ಊಟ ಮಾಡ್ದೆ ಎದ್ದೋದ್ರು ಅಂತ. ಅವನೀಗ ಬ್ಯಾಂಕಲ್ಲಿ ಬೆಳೆ ಸಾಲ ನೋಡ್ಕೊಳೋನು.

ಸಮಾಜ ಪಾಠದ ಮಿಸ್ಸು ದಿನಾ ಬೆಳಿಗ್ಗೆ ಬೋರ್ಡ್ ಮೂಲೇಲಿ ಪೇಪರ್ ನೋಡಿ ಕೆಆರ್‌ಎಸ್ ಮಟ್ಟ ಬರೆಯೋರು, ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್. ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಅಂದ್ರೆ 28 ಲೀಟರ್ ಚಿಲ್ಲರೆ ಅಂತ ಬಾಯಲ್ಲಿ ಹೇಳಿ ಬಿಡೋರಲ್ಲ, ನಾಲೆ ಹತ್ರ ಕರ್ಕೊಂಡು ಹೋಗಿ ಬಕೆಟ್ ಕೈಗೆ ಕೊಟ್ಟು ಒಂದು ಸೆಕೆಂಡಲ್ಲಿ ಎರಡು ಬಕೆಟ್ ಸುರೀರಿ ನೋಡಣ ಅಂದಿದ್ರು. ನಾವು ಯಾರೂ ಸುರಿಯಕ್ಕಾಗ್ಲಿಲ್ಲ ಅನ್ನೋದೇ ಪಾಠ. ಇವತ್ತಿಗೂ ಟೀವೀಲಿ ಕಾವೇರಿ ಸುದ್ದಿ ಬಂದು ಇಷ್ಟ್ ಸಾವಿರ ಕ್ಯೂಸೆಕ್ ಬಿಡ್ಬೇಕು ಅಂದ್ರೆ ನನಗೆ ಆ ಬಕೆಟ್ಟೇ ಕಾಣೋದು. ಪಿ.ಟಿ. ಮೇಷ್ಟ್ರ ಬಗ್ಗೆ ಹುಡುಗೀರು ಬರೆದ್ರು, ಖೋ ಖೋ ತಾಲ್ಲೂಕು ಮಟ್ಟಕ್ಕೆ ಕಳ್ಸಲ್ಲ ಅಂತ ಅಪ್ಪಂದ್ರು ಹಠ ಹಿಡಿದಾಗ ಒಂದೊಂದು ಮನೆ ಜಗಲಿ ಮೇಲೂ ಹೋಗಿ ಕೂತು, ಒಪ್ಪೋವರೆಗೂ ಏಳ್ತಿರ್ಲಿಲ್ಲವಂತೆ. ಹುಡುಗ್ರಿಗೆ ನಮ್ಗೆ ಇದು ಗೊತ್ತೇ ಇರ್ಲಿಲ್ಲ.

ಒಬ್ರು ಮೇಷ್ಟ್ರಿದ್ರು, ಅವ್ರ ಬಗ್ಗೆ ಗ್ರೂಪಲ್ಲಿ ಯಾರೂ ಏನೂ ಬರೀಲಿಲ್ಲ, ಬರೆದಿದ್ದ ಒಂದೆರಡು ಪತ್ರಕ್ಕೆ ಹಾಕೋ ಅಂಥದ್ದಲ್ಲ. ಕರೀಬೇಕೋ ಬೇಡ್ವೋ ಅಂತ ಜಗಳವೇ ಆಯ್ತು. ಕರೆದ್ವಿ. ಅವ್ರ ಪತ್ರಕ್ಕೆ ಮಾತ್ರ ಆ ದೀವಿಗೆ, ಶಿಲ್ಪಿ, ಕಲ್ಲಿನ ಮ್ಯಾಟರೇ ಹಾಕ್ಸಿದ್ವಿ, ತುಂಬಾ ಖುಷಿಪಟ್ರು.

ಕನ್ನಡ ಮಿಸ್ಸಿಂದು ದೊಡ್ಡ ಕತೆ. ಎಂಟನೇ ಕ್ಲಾಸಿನ ಮೊದಲ್ನೇ ದಿನ ಹಾಜರಿ ಕೂಗ್ತಾ ಕೂಗ್ತಾ ಒಬ್ಬೊಬ್ರ ಹೆಸರಿಗೂ ಪ್ರಸ್ತಾರ ಹಾಕಿದ್ರು, ರಮೇಶ ಅಂದ್ರೆ ಲಘು ಗುರು ಲಘು ನೀನು ಜಗಣ, ಮಂಜುಳ ಗುರು ಲಘು ಲಘು ನೀನು ಭಗಣ ಅಂತ, ಒಂದು ವರ್ಷ ನಾವು ಒಬ್ರನ್ನೊಬ್ರು ಗಣದ ಹೆಸರಲ್ಲೇ ಕೂಗ್ತಿದ್ವಿ. ಭಾಮಿನಿ ಷಟ್ಪದಿ ಕಲ್ಸಿದ್ದು ಚಪ್ಪಾಳೇಲಿ, ಮೂರು ನಾಲ್ಕು ಮೂರು ನಾಲ್ಕು. ಅವ್ರ ಪತ್ರ ಗದ್ಯದಲ್ಲಿ ಬೇಡ ಅಂತ ನಮ್ ಬ್ಯಾಚಿನ ಒಬ್ಬ, ಈಗ ಕೆಎಸ್‌ಆರ್‌ಟಿಸಿ ಕಂಡಕ್ಟ್ರು, ಆರು ಸಾಲು ಭಾಮಿನೀಲೇ ಬರೆದ.

ಇಲ್ಲಿ ಅಂಗಡಿ ಮೇಲೆ ನನ್ನ ಒಂದೇ ದೂರು. ನಾವು ಮೊಬೈಲಲ್ಲಿ ಟೈಪ್ ಮಾಡಿ ಕಳ್ಸೋದು ಯೂನಿಕೋಡ್, ಅವ್ರು ಡಿಸೈನ್ ಮಾಡೋದು ಹಳೇ ನುಡಿ ಫಾಂಟಲ್ಲಿ, ಕನ್ವರ್ಟ್ ಮಾಡ್ದಾಗ ಒತ್ತಕ್ಷರ ಒಂದ್ ಕಡೆ ಅರ್ಕಾವತ್ತು ಒಂದ್ ಕಡೆ ಆಗಿ ಪದ್ಯ ಪೂರ್ತಿ ಚೆಲ್ಲಾಪಿಲ್ಲಿ. ಅಕ್ಕ ಬೇಜಾರಿಲ್ದೆ ಎಲ್ಲಾ ಮತ್ತೆ ಟೈಪ್ ಮಾಡಿದ್ರು, ಮಾಡ್ದಾಗ "ಹಾರ್ದಿಕ" ಹೋಗಿ "ಹಾರ್ಧಿಕ" ಆಯ್ತು, "ವಿದ್ಯಾರ್ಥಿ" ಹೋಗಿ "ವಿಧ್ಯಾರ್ಥಿ" ಆಯ್ತು. ಇದು ಊರಿನ ಅರ್ಧ ಫ್ಲೆಕ್ಸಲ್ಲಿರೋದೇ, ಆದ್ರೆ ಇಲ್ಲದ ಕಡೆ ಹೊಟ್ಟೆ ಸೀಳಿದ್ದಕ್ಕೆ ನೂರು ಸಲ ಬರೆಸಿದ ಮಿಸ್ಸಿಗೇ ಅದನ್ನ ಫ್ರೇಮ್ ಹಾಕ್ಸಿ ಕೊಡಕ್ಕಾಗುತ್ತಾ? ಪ್ರೂಫ್ ಪ್ರಿಂಟ್ ಕೇಳಿ, 20 ರೂಪಾಯಿ ತಗೊತಾರೆ, ಕೊಡಿ. ತಿದ್ದಿದ್ದನ್ನೆಲ್ಲಾ ಮುಖ ಸಿಂಡರಿಸ್ದೆ ಹಾಕ್ಕೊಟ್ರು.

ಸ್ಟೇಜ್ ಮೇಲೆ ಪೇಟ ಹಾಕಿದ್ರೆ ಮಿಸ್ಸು ಒಂದು ನಗು ನಕ್ರು, ಶಾಲು ಹಾಕಿದ್ರೆ ಇನ್ನೊಂದು, ಪತ್ರ ಕೈಗೆ ಕೊಟ್ಮೇಲೆ ಮೈಕ್ ಬೇಡ ಅಂತ ಪಕ್ಕಕ್ಕೆ ತಳ್ಳಿ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು, ಬೆರಳು ಫ್ರೇಮ್ ಮೇಲೆ ತಾಳ ಹಾಕ್ತಿತ್ತು. ಆಮೇಲೆ ಕಂಡಕ್ಟ್ರ ಕಡೆ ತಿರುಗಿ "ಮೂರನೇ ಸಾಲಲ್ಲಿ ಒಂದು ಮಾತ್ರೆ ಕಮ್ಮಿ ಐತಲ್ಲೋ" ಅಂದ್ರು. ಇದಕ್ಕೆ ಅಂಗಡಿಯೋರು ಜವಾಬ್ದಾರಿ ಅಲ್ಲ.

ಫ್ರೇಮ್ ಸಮೇತ ಪತ್ರ ಒಂದಕ್ಕೆ 650 ಬಿತ್ತು, ಗಾಜು ಒಳ್ಳೇದು, ಹಿಂದಿನ ರಟ್ಟು ತೆಳು, ಕಾರಲ್ಲಿ ಮಂಡ್ಯದವರೆಗೆ ತಗೊಂಡೋಗೋವಾಗ ಮಧ್ಯೆ ಪೇಪರ್ ಇಡಿ. ಆಗಸ್ಟ್ ಕೊನೇ ವಾರ ಮತ್ತೆ ನವೆಂಬರ್ ರಾಜ್ಯೋತ್ಸವದ ಟೈಮಲ್ಲಿ ಹೋಗ್ಬೇಡಿ, ಅಕ್ಕಂಗೆ ತಲೆ ಎತ್ತೋಕೂ ಪುರುಸೊತ್ತಿರಲ್ಲ, ಆಗ ಎಲ್ರಿಗೂ ರೆಡಿ ಮ್ಯಾಟರೇ ಗತಿ. ಗಾಡಿ ನಿಲ್ಸಕ್ಕೆ ಜಾಗ ಇಲ್ಲ, ದೂರ ನಿಲ್ಸಿ ನಡ್ಕೊಂಡ್ ಹೋಗಿ. ಜಿಎಸ್‌ಟಿ ಬಿಲ್ ಕೇಳಿದ್ರೆ ಕೊಡ್ತಾರೆ, ಕೇಳ್ದಿದ್ರೆ ಚೀಟಿ. ಉಳಿದ ಶಾಲು ಮಡಿಕೆ ಬಿಚ್ಚದಿದ್ರೆ ವಾಪಸ್ ತಗೊತಾರೆ, ಪೇಟ ತಗೊಳಲ್ಲ.