ಕಿಸುಮುವಿಗೆ 14 ದಿನಗಳ ಸೇವಾಯಾತ್ರೆ: ಒಬ್ಬ ಕನ್ನಡಕದ ವ್ಯಾಪಾರಿಯ ವಿಮರ್ಶೆ

ದಾವಣಗೆರೆಯ ಮಂಡಿಪೇಟೆಯ ಬಳಿ ಕನ್ನಡಕದ ಅಂಗಡಿ ನಡೆಸುವ ನಾನು, ನಮ್ಮ ಸಭೆಯ ಇನ್ನೂ ನಾಲ್ವರೊಂದಿಗೆ ಕಳೆದ ವರ್ಷ ಕೀನ್ಯಾ ದೇಶದ ಕಿಸುಮು ನಗರಕ್ಕೆ 14 ದಿನಗಳ ಕ್ರೈಸ್ತ ಸೇವಾಯಾತ್ರೆಗೆ ಹೋಗಿ ಬಂದೆ. ಇದನ್ನು ಏರ್ಪಡಿಸಿದ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಒಂದೇ ಯಾತ್ರೆಯ ಅನುಭವದಿಂದ ಯಾರ ಹೆಸರನ್ನೂ ಕೆಡಿಸುವ ಇಚ್ಛೆ ನನಗಿಲ್ಲ. ತಲೆಗೆ 1,80,000 ರೂಪಾಯಿ ಪಡೆದ ಅವರು ವಿಮಾನ, ವಸತಿ, ಊಟಗಳ ಜೊತೆಗೆ ಇನ್ನೊಂದು ವಿಷಯಕ್ಕೂ ಕರಪತ್ರದಲ್ಲಿ ಮಾತು ಕೊಟ್ಟಿದ್ದರು: ಬಡವರ ನಡುವೆ ಎರಡು ವಾರ ಇದ್ದು ಬಂದರೆ ದೇವರು ನಮಗೆ ಕೊಟ್ಟದ್ದಕ್ಕೆ ಕೃತಜ್ಞರಾಗುವುದನ್ನು ಕಲಿಯುತ್ತೇವೆ ಎಂದು.

ಸಿದ್ಧತೆಯ ವಿಷಯದಲ್ಲಿ ಸಂಸ್ಥೆಗೆ ಅರ್ಧ ಅಂಕವನ್ನೂ ಕೊಡಲಾರೆ. ಕೀನ್ಯಾ 2024ರಿಂದ ವೀಸಾದ ಬದಲಿಗೆ ಆನ್‌ಲೈನ್ ಪ್ರವೇಶ ಅನುಮತಿಯನ್ನು ಕೊಡುತ್ತಿರುವುದರಿಂದ ಆ ಕೆಲಸ ಸುಲಭವಾಗಿಯೇ ಮುಗಿಯಿತು. ಆದರೆ ಅಲ್ಲಿಂದ ಹಿಂದಿರುಗುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಭಾರತದ ವಿಮಾನ ನಿಲ್ದಾಣದಲ್ಲಿ ತೋರಿಸಬೇಕು, ಇಲ್ಲವಾದರೆ 6 ದಿನಗಳವರೆಗೆ ಪ್ರತ್ಯೇಕ ವಾಸದಲ್ಲಿ ಇರಿಸಬಹುದು ಎಂಬ ಸಂಗತಿಯನ್ನು ನಮಗೆ ತಿಳಿಸಿದ್ದು ಹೊರಡುವುದಕ್ಕೆ ಒಂದೇ ವಾರ ಇರುವಾಗ. ಚುಚ್ಚಿಸಿಕೊಂಡ 10 ದಿನಗಳ ಅನಂತರವೇ ಆ ಪತ್ರಕ್ಕೆ ಬೆಲೆ. ಐವರೂ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಓಡಿದೆವು.

ಭಾಷೆಯ ಸಿದ್ಧತೆ ಇನ್ನೂ ಸೊಗಸಾಗಿತ್ತು. ಒಂದು ಶನಿವಾರ ಅರ್ಧ ಗಂಟೆ ಸ್ವಾಹಿಲಿ ಕಲಿಸಿದರು. ಹೋಗಿ ನೋಡಿದರೆ ಕಿಸುಮುವಿನ ಲುವೊ ಜನರು ಮನೆಯಲ್ಲಿ ಆಡುವ ಭಾಷೆ ದೊಲುವೊ. ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಕರ್ನಾಟಕಕ್ಕೆ ಬಂದವರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ವರ್ಷಗಳ ತಾಳ್ಮೆಯನ್ನು ಎರಡು ವಾರದ ಪ್ರವಾಸಿಗಳಿಂದ ಯಾರೂ ಕೇಳುವುದಿಲ್ಲ, ಆದರೆ ಮಿಷನರಿಗಳಿಂದ ನಿಘಂಟನ್ನೇ ಪಡೆದ ನಾಡಿನವರಾದ ನಾವು ‘ಎರೊಕಮಾನೊ’, ಅಂದರೆ ಉಪಕಾರವಾಯಿತು ಎಂಬ ಒಂದು ಮಾತನ್ನಾದರೂ ಕಲಿತು ಹೋಗಬಹುದಿತ್ತು.

ವಸತಿ ಸ್ವಚ್ಛವಾಗಿತ್ತು, ಸೊಳ್ಳೆಪರದೆ ಹರಿದಿರಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊಟದ ಬಗ್ಗೆ ಹೇಳಬೇಕು. ಅಲ್ಲಿನ ದಿನದ ಊಟವಾದ ಉಗಾಲಿಯೆಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ತುತ್ತು ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಅದರಲ್ಲಿ ಸೊಪ್ಪಿನ ಪಲ್ಯವನ್ನು ಎತ್ತಿಕೊಳ್ಳಬೇಕು. ನಮ್ಮ ರಾಗಿ ಮುದ್ದೆಯಂತೆ ನುಂಗಲು ಹೋದ ನಮ್ಮ ಸಭಾಪಾಲಕರನ್ನು ನೋಡಿ ಅಡುಗೆಯವರು ನಕ್ಕರು, ಏಕೆಂದರೆ ಅದನ್ನು ಅಗಿಯಬೇಕು. ನಮ್ಮ ಎ.ಪಿ.ಎಂ.ಸಿ. ಅಂಗಳದಲ್ಲಿ ರಾಶಿ ಬೀಳುವ ಹಳದಿ ಮೆಕ್ಕೆಜೋಳ ಬಹುಪಾಲು ಕೋಳಿಯ ಆಹಾರಕ್ಕೆ ಹೋಗುತ್ತದೆ. ಅಲ್ಲಿ ಉಣ್ಣುವುದು ಬಿಳಿಯದನ್ನು. 1984ರ ಬರದಲ್ಲಿ ಹೊರದೇಶದಿಂದ ಬಂದ ಹಳದಿ ಜೋಳವನ್ನು ತಿಂದು ಬದುಕಿದವರಿಗೆ ಆ ಬಣ್ಣ ಈಗಲೂ ಹಿಡಿಸುವುದಿಲ್ಲ ಎಂದು ನಮ್ಮ ಚಾಲಕರು ಹೇಳಿದಾಗ, ಕೊಟ್ಟದ್ದನ್ನೆಲ್ಲ ಪಡೆದವರು ಪ್ರೀತಿಯಿಂದ ನೆನೆಯುತ್ತಾರೆ ಎಂಬ ನನ್ನ ಎಣಿಕೆ ಮೊದಲ ಬಾರಿಗೆ ಅಲುಗಾಡಿತು.

ಉಳಿದವರಿಗೆ ಶಾಲೆಯ ಗೋಡೆಗೆ ಬಣ್ಣ ಬಳಿಯುವ ಕೆಲಸ ಕೊಟ್ಟರು; ಅದನ್ನು ಅಲ್ಲಿನ ಬಣ್ಣಗಾರರು ನಮಗಿಂತ ಚೆನ್ನಾಗಿ, ನಮ್ಮ ಒಂದು ವಿಮಾನ ಟಿಕೆಟ್ಟಿನ ಸಣ್ಣ ಪಾಲಿನಲ್ಲಿ ಮಾಡುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಚಾಳೀಸಿನ ಶಿಬಿರ. ನಲವತ್ತು ದಾಟಿದ ಕಣ್ಣಿಗೆ ಹತ್ತಿರದ ವಸ್ತು ಮಸುಕಾಗುವುದು ಯಾವ ದೇಶದಲ್ಲಿಯೂ ತಪ್ಪಿದ್ದಲ್ಲ. ಸಗಟು ಬೆಲೆಗೆ ಕೊಂಡು ಒಯ್ದಿದ್ದ ಪ್ಲಸ್ 1ರಿಂದ ಪ್ಲಸ್ 3ರವರೆಗಿನ 300 ಕನ್ನಡಕಗಳನ್ನು ವಿಕ್ಟೋರಿಯಾ ಸರೋವರದ ದಂಡೆಯ ಒಂದು ಮರದ ಕೆಳಗೆ ಹರಡಿಕೊಂಡು ಕುಳಿತೆ. ಬಲೆ ಹೆಣೆಯುವ ಹಿರಿಯರೊಬ್ಬರು ಬಂದರು. ಅಕ್ಷರದ ಹಲಗೆಯನ್ನು ಬದಿಗೆ ಸರಿಸಿ, ತಮ್ಮ ಬಲೆಯ ಹರಿದ ಅಂಚನ್ನೇ ತೊಡೆಯ ಮೇಲೆ ಹಾಕಿಕೊಂಡು, ಪ್ಲಸ್ 2 ಏರಿಸಿ ಮೂರು ಗಂಟು ಹಾಕಿದರು. ನಾಲ್ಕನೆಯದನ್ನು ಕಣ್ಣು ಕಿರಿದಾಗಿಸದೆಯೇ ಹಾಕಿದರು. ಅನಂತರ ದುಭಾಷಿಯ ಮೂಲಕ ಕೇಳಿದ್ದು ಇಷ್ಟೇ: ಇದು ಮುರಿದರೆ ಇನ್ನೊಂದು ಎಲ್ಲಿ ಸಿಗುತ್ತದೆ? ನನ್ನ ಬಳಿ ಉತ್ತರವಿರಲಿಲ್ಲ, ಸಂಸ್ಥೆಯವರ ಬಳಿಯೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಅವರು ಎರಡು ದೊಡ್ಡ ತಿಲಾಪಿಯಾ ಮೀನುಗಳನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು. ತಮ್ಮ ಋಣವನ್ನು ಅವರು ಒಂದು ರಾತ್ರಿಯಲ್ಲಿ ತೀರಿಸಿಬಿಟ್ಟರು. ಕೊಡುವವನಾಗಿ ಹೋದ ನಾನು ಕೈಯಲ್ಲಿ ಮೀನು ಹಿಡಿದು ಏನು ಹೇಳಬೇಕೆಂದು ತೋಚದೆ ನಿಂತಿದ್ದೆ.

ಭಾನುವಾರದ ಆರಾಧನೆಯ ನಂತರ ಕಾಣಿಕೆಯಾಗಿ ಬಂದ ಕೋಳಿ, ಬಾಳೆಗೊನೆಗಳನ್ನು ಹರಾಜು ಹಾಕಿದರು, ನಮ್ಮ ಬೆಳೆ ಹಬ್ಬದಲ್ಲಿ ಹಾಕುವ ಹಾಗೆಯೇ. ಒಬ್ಬ ತಾಯಿ ಕೊಟ್ಟ ಆರು ಮೊಟ್ಟೆಗಳನ್ನು ನಾನು ಬೇಕೆಂದೇ ಬೆಲೆ ಏರಿಸಿ ಹಿಡಿಯಲು ಹೋದೆ. ಊರಿನವರೇ ಒಬ್ಬರು ನನ್ನನ್ನು ಮೀರಿಸಿ ಕೂಗಿ, ಮೊಟ್ಟೆಗಳನ್ನು ತಂದು ಅತಿಥಿಯಾದ ನನ್ನ ಕೈಗೇ ಕೊಟ್ಟರು.

ಇಷ್ಟೆಲ್ಲ ನಡೆಯುತ್ತಿದ್ದ ದಿನಗಳಲ್ಲಿ ಪ್ರತಿ ಸಂಜೆ ಸಂಸ್ಥೆಯವರು ನಮ್ಮನ್ನು ವೃತ್ತಾಕಾರದಲ್ಲಿ ಕೂರಿಸಿ, ಇವರಿಗೆ ಇಲ್ಲದೆ ನಮಗೆ ಇರುವ ಮೂರು ವಸ್ತುಗಳನ್ನು ಬರೆದು ಸ್ತೋತ್ರ ಮಾಡಿರಿ ಎನ್ನುತ್ತಿದ್ದರು. ಪರರ ಕೊರತೆಯನ್ನು ಅಳತೆಗೋಲಾಗಿಸಿದ ಈ ಕೃತಜ್ಞತಾಸ್ತುತಿ ನನ್ನ ಬಾಯಿಗೆ ಬರಲಿಲ್ಲ. ನಾಲ್ಕನೆಯ ಸಂಜೆ ನನ್ನ ಹಾಳೆಯಲ್ಲಿ ಮೀನು, ಮೊಟ್ಟೆ, ಹೆಬ್ಬೆರಳಿನ ಗುಳಿ ಎಂದು ಬರೆದುಕೊಟ್ಟೆ; ಮುಂದಾಳುಗಳು ಅದನ್ನು ಓದದೆ ಪಕ್ಕಕ್ಕಿಟ್ಟರು.

ಹೋಗಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಕೈಯಲ್ಲಿ ಅಲ್ಲಿಗೆ ಬೇಕಾದ ಕಸುಬು ಇದ್ದು, ನೀವು ಹೊರಟುಬಂದ ಮೇಲೆ ಅದನ್ನು ಮುಂದುವರಿಸುವವರು ಯಾರೆಂದು ಸಂಸ್ಥೆ ಹೇಳಬಲ್ಲದಾದರೆ ಹೋಗಿರಿ. ಬಣ್ಣ ಬಳಿಯಲಿಕ್ಕಾದರೆ ಬೇಡ. ಆ ಹಣವನ್ನು ಅಲ್ಲಿನ ಸಭೆಗೇ ಕಳುಹಿಸಿರಿ. ಐದಕ್ಕೆ ಎರಡು ಅಂಕ ಸಂಸ್ಥೆಗೆ. ಕಿಸುಮುವಿನವರಿಗೆ ಅಂಕ ಕೊಡುವ ಅಧಿಕಾರ ನನಗಿಲ್ಲ.

ಮಿಕ್ಕಿದ 74 ಕನ್ನಡಕಗಳನ್ನು ಅಲ್ಲಿನ ಸಭೆಯ ಮಹಿಳಾ ಸಂಘದವರಿಗೆ ಒಪ್ಪಿಸಿ, ಕೊಂಡ ಬೆಲೆಗೆ ಮಾರಿ ಆ ಹಣದಿಂದಲೇ ಮತ್ತೆ ತರಿಸಿಕೊಳ್ಳುವಂತೆ ಹೇಳಿ ಬಂದಿದ್ದೆ. ಹೋದ ತಿಂಗಳು ಅವರಿಂದ ಸಂದೇಶ ಬಂದಿತು: ಪ್ಲಸ್ 2 ಪೂರ್ತಿ ಖಾಲಿಯಾಗಿದೆ, ಪ್ಲಸ್ 1 ಯಾರಿಗೂ ಬೇಡವಂತೆ, ಫ್ರೇಮು ಇನ್ನೂ ಸ್ವಲ್ಪ ಗಟ್ಟಿಯದಾಗಿರಲಿ.