ಆರರಿಂದ ಒಂಬತ್ತರ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ: ಮನೆಪಾಠಕ್ಕೆ ಯಾವ ಪುಸ್ತಕ?

ಮನೆಯಲ್ಲೇ ಓದುವ ಮಕ್ಕಳಿಗೆಂದು ಬಂದಿರುವ ಇಂಗ್ಲಿಷ್ ವ್ಯಾಕರಣದ ಪುಸ್ತಕಗಳಲ್ಲಿ ಬಹುಪಾಲು, ಮಗುವಿಗೆ ಇಂಗ್ಲಿಷ್ ಮಾತು ಆಗಲೇ ಬರುತ್ತದೆ ಎಂದುಕೊಂಡೇ ಶುರುವಾಗುತ್ತವೆ. ‘ಷಿ ಗೋಸ್’ ಅನ್ನುವುದನ್ನು ಆ ಮಗು ಕಿವಿಯಿಂದಲೇ ಕಲಿತಿರುತ್ತದೆ. ಅದಕ್ಕೊಂದು ಹೆಸರು ಕೊಟ್ಟರೆ ಪುಸ್ತಕದ ಕೆಲಸ ಮುಗಿಯಿತು. ಮನೆಮಾತು ಕನ್ನಡವಾದ ಮಗುವಿಗೆ ಹೆಸರಿಗಿಂತ ಮುಂಚೆ ಬಳಕೆ ಬೇಕು. ವರ್ಬ್ ಎಂದರೇನೆಂದು ಕೇಳಿದರೆ ಪಟಪಟನೆ ಒಪ್ಪಿಸಿ, ಮರುಗಳಿಗೆಯಲ್ಲೇ ‘ಮೈ ಬ್ರದರ್ ವೆರಿ ಟಾಲ್’ ಎನ್ನುವ ಮಕ್ಕಳು ಎಷ್ಟೋ. ಅಂಥ ಮಗುವಿಗೆ ಪಾಠ ತಲೆಗೆ ಹತ್ತಿಲ್ಲ ಎಂದು ಬೇಸರ ಮಾಡಿಕೊಳ್ಳಬಾರದು. ಪುಸ್ತಕ ಏನು ಕಲಿಸಿತೋ ಅದನ್ನು ಮಗು ಕಲಿತಿದೆ. ಕಲಿಸದೆ ಬಿಟ್ಟದ್ದನ್ನು ನಾವು ತುಂಬಿಕೊಡಬೇಕು. ಒಂದರಿಂದ ಮೂರನೇ ತರಗತಿಯ ಪುಸ್ತಕ ಆರಿಸುವಾಗ ಈ ತುಂಬುವ ಕೆಲಸಕ್ಕೆ ಯಾವುದು ಎಡೆ ಕೊಡುತ್ತದೆ ಎಂಬುದನ್ನೇ ಇಲ್ಲಿ ಮುಖ್ಯವಾಗಿ ನೋಡಿದೆ.

ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಜೆಸ್ಸಿ ವೈಸ್ ಅವರ ‘ಫಸ್ಟ್ ಲ್ಯಾಂಗ್ವೇಜ್ ಲೆಸನ್ಸ್’. ಒಂದನೇ ಹಂತಕ್ಕೆ ಒಂದು ಪುಸ್ತಕ, ಎರಡನೇ ಹಂತಕ್ಕೆ ಇನ್ನೊಂದು, ಒಂದೊಂದರಲ್ಲೂ 100 ಪಾಠ. ಹೇಳಿಕೊಡುವವರು ಏನು ಹೇಳಬೇಕು, ಮಗು ಏನು ಉತ್ತರಿಸಬೇಕು ಎಂಬುದೆಲ್ಲ ನಾಟಕದ ಮಾತುಗಳಂತೆ ಸಾಲುಸಾಲಾಗಿ ಅಚ್ಚಾಗಿದೆ. ಶಾಲೆಯಲ್ಲಿ ಕಲಿತ ವ್ಯಾಕರಣ ಪೂರ್ತಿ ಮರೆತುಹೋಗಿದೆ ಎಂದು ಅಂಜುವ ಅಪ್ಪ ಅಮ್ಮಂದಿರಿಗೆ ಇದೊಂದು ದೊಡ್ಡ ಆಸರೆ. ವಾರಕ್ಕೆ 3 ಪಾಠದಂತೆ 33-34 ವಾರಕ್ಕೆ ಒಂದು ಹಂತ ಮುಗಿಯುತ್ತದೆ. ಪಾಠಕ್ಕೆ 10-15 ನಿಮಿಷ ಸಾಕು. ಬಾಯಿಪಾಠ, ನೋಡಿ ಬರೆಯುವುದು ಮತ್ತು ಉಕ್ತಲೇಖನ, ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು, ವ್ಯಾಕರಣ ಎಂಬ ನಾಲ್ಕು ಎಳೆಗಳು ಇದರಲ್ಲಿ ಹೆಣೆದುಕೊಂಡಿವೆ.

ಈ ನಾಲ್ಕರಲ್ಲಿ ಕನ್ನಡದ ಮಗುವಿಗೆ ಚಿನ್ನದಂಥದ್ದು ಕಥೆ ತಿರುಗಿ ಹೇಳುವ ಎಳೆ. ವ್ಯಾಕರಣದ ಪುಸ್ತಕ ತಾನೇ ಎಂದು ಅದನ್ನು ಹಾರಿಸುವವರು ಬಹಳ ಮಂದಿ, ಹಾಗೆ ಮಾಡಬೇಡಿ. ನಾಲ್ಕು ಸಾಲಿನ ಕಥೆ ಕೇಳಿ ಎರಡು ಪೂರ್ಣ ವಾಕ್ಯಗಳಲ್ಲಿ ಹೇಳುವಾಗ ಇಂಗ್ಲಿಷಿನ ಪದಕ್ರಮ ಬಾಯಿಗೆ ಹತ್ತುವಷ್ಟು ಇನ್ಯಾವ ಅಭ್ಯಾಸದಿಂದಲೂ ಹತ್ತುವುದಿಲ್ಲ. ಮಗು ತುಂಡು ಮಾತಿನಲ್ಲಿ ಉತ್ತರಿಸಿದರೆ ನೀವೇ ಅದನ್ನು ಪೂರ್ಣ ವಾಕ್ಯ ಮಾಡಿ ಹೇಳಿ, ಮಗುವಿನಿಂದ ಮತ್ತೊಮ್ಮೆ ಹೇಳಿಸಿ. ತಪ್ಪಾಯಿತು ಎಂದು ಅಲ್ಲೇ ತಡೆಯುವುದು ಬೇಡ.

ಕೊರತೆಗಳೂ ಇವೆ. ‘ನೌನ್ ಎಂದರೆ ಇಂಥದ್ದು’ ಎಂಬ ಒಂದೇ ಲಕ್ಷಣವಾಕ್ಯವನ್ನು ಪಾಠದಿಂದ ಪಾಠಕ್ಕೆ ಹೇಳಿಸುತ್ತಲೇ ಹೋಗುವುದರಿಂದ, ಬೇಗ ಕಲಿಯುವ ಮಗುವಿಗೆ ಅದು ಮಗ್ಗಿಯ ರಾಗವಾಗಿ ಅರ್ಥವೇ ಜಾರಿಹೋಗುತ್ತದೆ. ಲಕ್ಷಣವನ್ನು ಮೂರು ದಿನ ತಪ್ಪಿಲ್ಲದೆ ಹೇಳಿದ ಮಗುವಿನಿಂದ ನಾಲ್ಕನೇ ದಿನ ಅದನ್ನು ಹೇಳಿಸುವ ಬದಲು ಕೋಣೆಯಲ್ಲಿರುವ ಐದು ನೌನ್‌ಗಳನ್ನು ಹುಡುಕಿಸಿ. ಮನುಷ್ಯ, ಊರು, ವಸ್ತುಗಳ ಹೆಸರು ನೌನ್ ಎಂಬುದು ಆರು ವರ್ಷಕ್ಕೆ ಎಟುಕುತ್ತದೆ. ಕಣ್ಣಿಗೆ ಕಾಣದ ಸಿಟ್ಟು, ಧೈರ್ಯಗಳೂ ನೌನ್ ಎಂಬುದು ಎಟುಕುವುದಿಲ್ಲ. ಆ ಪಾಠಗಳನ್ನು ಒಮ್ಮೆ ಓದಿ ದಾಟಿಬಿಡಿ, ಎಂಟರ ಹೊತ್ತಿಗೆ ತಾನಾಗಿ ತಿಳಿಯುತ್ತದೆ.

ಇನ್ನೊಂದು ಎಡವಟ್ಟು ಎಲ್ಲ ಪುಸ್ತಕಗಳಲ್ಲೂ ಎದುರಾಗುತ್ತದೆ: ಪದಕ್ಕೆ ಹುಟ್ಟಿನಿಂದಲೇ ಒಂದು ಜಾತಿ ಇದೆ ಎಂದು ಮಗು ನಂಬಿಬಿಡುವುದು. ‘ವಾಟರ್’ ನೌನ್ ಎಂದು ಒಮ್ಮೆ ಕಲಿತರೆ ‘ವಾಟರ್ ದ ಪ್ಲ್ಯಾಂಟ್ಸ್’ ಎಂಬಲ್ಲೂ ಅದು ನೌನೇ. ಇದಕ್ಕೆ ಔಷಧ ನಮ್ಮ ಮಾತಿನಲ್ಲೇ ಇದೆ. ‘ಒಂದು ಹಾಡು ಹಾಡು’ ಎಂದು ಹಲಗೆಯ ಮೇಲೆ ಬರೆಯಿರಿ. ಯಾವ ‘ಹಾಡು’ ಹೆಸರು, ಯಾವ ‘ಹಾಡು’ ಕೆಲಸ ಎಂದು ಕೇಳಿ. ಯಾರೂ ಹೇಳಿಕೊಡದೆಯೇ ಮಗು ಬೆರಳಿಟ್ಟು ತೋರಿಸುತ್ತದೆ. ಪದ ವಾಕ್ಯದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ನೋಡಬೇಕು ಎಂಬುದನ್ನು ಇಷ್ಟು ಚೆನ್ನಾಗಿ ಯಾವ ಇಂಗ್ಲಿಷ್ ಪುಸ್ತಕವೂ ತೋರಿಸುವುದಿಲ್ಲ. ನೌನ್, ವರ್ಬ್, ಪ್ರೋನೌನ್‌ಗಳನ್ನು ಹೀಗೆ ಮೊದಲು ಕನ್ನಡ ವಾಕ್ಯದಲ್ಲಿ ಹಿಡಿಸಿ ಆಮೇಲೆ ಇಂಗ್ಲಿಷಿಗೆ ಹೋದರೆ ಸಮಯ ಉಳಿಯುತ್ತದೆ.

ಪುಸ್ತಕದಲ್ಲಿ ಸಿಗದ, ನೀವು ಸೇರಿಸಿಕೊಳ್ಳಲೇಬೇಕಾದ ನಾಲ್ಕು ಸಂಗತಿಗಳಿವೆ. ‘ಅವನು ನನ್ನ ಅಣ್ಣ’ ಎಂಬಲ್ಲಿ ಕ್ರಿಯಾಪದವೇ ಇಲ್ಲ, ಹಾಗಾಗಿ ‘ಈಸ್’, ‘ಆರ್’ ಬಿಟ್ಟುಹೋಗುತ್ತವೆ. ‘ಅಜ್ಜಿ ಬಂದರು’ ಎಂಬ ಮರ್ಯಾದೆಯ ಬಹುವಚನ ಇಂಗ್ಲಿಷಿಗೆ ಹೋಗಿ ಅಜ್ಜಿ ‘ದೇ’ ಆಗುತ್ತಾರೆ. ‘ಅವಳು ಹೋಗುತ್ತಾಳೆ’ ಎಂಬುದು ‘ಷಿ ಗೋ’ ಎಂದೇ ನಿಲ್ಲುತ್ತದೆ. ಮತ್ತೆ ‘ಎ’, ‘ದ’ಗಳ ಗೊಂದಲ. ಕಡೆಯದು ಕಷ್ಟ ಎಂದು ಹೆದರಬೇಕಿಲ್ಲ, ‘ಒಂದು ಕಾಡಿನಲ್ಲಿ ಒಂದು ನರಿ ಇತ್ತು. ಆ ನರಿಗೆ ಹಸಿವಾಯಿತು’ ಎಂದು ಕಥೆ ಕೇಳಿ ಬೆಳೆದ ಮಗುವಿಗೆ ಆಗಲೇ ಗೊತ್ತಿರುವ ವಿಷಯವದು. ಮೊದಲ ಸಲ ಬಂದಾಗ ‘ಒಂದು’, ಎರಡನೇ ಸಲ ‘ಆ’. ಅದೇ ‘ಎ’, ಅದೇ ‘ದ’. ಎಲ್ಲ ಕಡೆಗೂ ಈ ಸೂತ್ರ ಸಾಲದು, ಆದರೆ ಈ ವಯಸ್ಸಿನ ಕಥೆಗಳಿಗೆ ಮುಕ್ಕಾಲು ಪಾಲು ಸಾಕು. ಪ್ರತಿ ಪಾಠದ ಮುಂಚೆ ಐದು ನಿಮಿಷ ಬಾಯಿಮಾತಿನಲ್ಲಿ, ವಾರಕ್ಕೆ ಒಂದೇ ಸಂಗತಿ. ನಾಲ್ಕನ್ನೂ ಒಟ್ಟಿಗೆ ತಿದ್ದಲು ಹೋದರೆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ.

ಕುಳಿತು ಕೇಳುವ ತಾಳ್ಮೆ ಇಲ್ಲದ, ಕೈಗೆ ಕೆಲಸ ಬೇಕೆನ್ನುವ ಮಕ್ಕಳಿಗೆ ಕೈಯಾರೆ ಮಾಡಿ ಕಲಿಯುವ ಮಾಂಟೆಸ್ಸರಿ ಪದ್ಧತಿಯ ವ್ಯಾಕರಣ ಚಿಹ್ನೆಗಳು ಎಲ್ಲಕ್ಕಿಂತ ಮೇಲು. ನೌನ್‌ಗೆ ದೊಡ್ಡ ಕಪ್ಪು ತ್ರಿಕೋನ, ಅಡ್ಜೆಕ್ಟಿವ್‌ಗೆ ಅದಕ್ಕಿಂತ ಚಿಕ್ಕ ಕಡುನೀಲಿ ತ್ರಿಕೋನ, ಆರ್ಟಿಕಲ್‌ಗೆ ಅಂದರೆ ‘ಎ’, ‘ದ’ಗಳಿಗೆ ಇನ್ನೂ ಚಿಕ್ಕ ತಿಳಿನೀಲಿ ತ್ರಿಕೋನ. ಮೂರೂ ಒಂದೇ ಮನೆಯವು, ಅದಕ್ಕೇ ಒಂದೇ ಆಕಾರ. ವರ್ಬ್‌ಗೆ ದೊಡ್ಡ ಕೆಂಪು ವೃತ್ತ, ಆಡ್‌ವರ್ಬ್‌ಗೆ ಚಿಕ್ಕ ಕಿತ್ತಳೆ ವೃತ್ತ, ಪ್ರೆಪೊಸಿಷನ್‌ಗೆ (‘ಅಂಡರ್’, ‘ಇನ್’ ಥರದ ಪದಕ್ಕೆ) ಹಸಿರು ಅರ್ಧಚಂದ್ರ. ಪ್ರೋನೌನ್, ಕಂಜಂಕ್ಷನ್, ಇಂಟರ್‌ಜೆಕ್ಷನ್ ಸೇರಿ ಒಟ್ಟು ಒಂಬತ್ತು. ಕೊಳ್ಳಲೇಬೇಕೆಂದಿಲ್ಲ, ದಪ್ಪ ಬಣ್ಣದ ಕಾಗದದಲ್ಲಿ ಕತ್ತರಿಸಿಕೊಳ್ಳಬಹುದು. ಶುರುವಿಗೆ ಕಪ್ಪು 10, ತಿಳಿನೀಲಿ 8, ಕಡುನೀಲಿ 8, ಕೆಂಪು 6, ಹಸಿರು 4 ಇದ್ದರೆ ಸಾಕು. ತೆಳು ಕಾಗದ ಬೇಡ, ಫ್ಯಾನಿನ ಗಾಳಿಗೆ ಹಾರಿ ಪಾಠವೇ ಕೆಡುತ್ತದೆ.

ಒಂದು ಉದ್ದನೆಯ ಕಾಗದದ ಪಟ್ಟಿಯ ಮೇಲೆ ‘ದ ಸ್ಮಾಲ್ ಕ್ಯಾಟ್ ಸ್ಲೆಪ್ಟ್ ಅಂಡರ್ ದ ಟೇಬಲ್’ ಎಂದು ಪದಗಳ ನಡುವೆ ಧಾರಾಳ ಜಾಗ ಬಿಟ್ಟು ಬರೆಯಿರಿ. ಏಳು ಪದಗಳ ಮೇಲೆ ಏಳು ಚಿಹ್ನೆ: ತಿಳಿನೀಲಿ, ಕಡುನೀಲಿ, ಕಪ್ಪು, ಕೆಂಪು ವೃತ್ತ, ಹಸಿರು ಚಂದ್ರ, ಮತ್ತೆ ತಿಳಿನೀಲಿ, ಕಪ್ಪು. ಅದರ ಕೆಳಗೇ ಇನ್ನೊಂದು ಪಟ್ಟಿಯಲ್ಲಿ ‘ಪುಟ್ಟ ಬೆಕ್ಕು ಮೇಜಿನ ಕೆಳಗೆ ಮಲಗಿತು’ ಎಂದು ಬರೆದು ಇದಕ್ಕೂ ಚಿಹ್ನೆ ಇಡಿಸಿ: ಕಡುನೀಲಿ, ಕಪ್ಪು, ಕಪ್ಪು, ಹಸಿರು, ಕೆಂಪು. ತಿಳಿನೀಲಿಗಳು ಮಾಯವಾದವು, ಹಸಿರು ಚಂದ್ರ ಮೇಜಿನ ಹಿಂದಕ್ಕೆ ಹೋಯಿತು, ಕೆಂಪು ವೃತ್ತ ಬಾಲಕ್ಕೆ ಬಂತು. ಎರಡು ಭಾಷೆಯ ಪದಕ್ರಮದ ವ್ಯತ್ಯಾಸ ಒಂದು ಪದ ವಿವರಣೆಯಿಲ್ಲದೆ ಕಣ್ಣಿಗೆ ಬೀಳುತ್ತದೆ. ಎಲ್ಲ ಚಿಹ್ನೆಗಳನ್ನೂ ಒಂದೇ ವಾರದಲ್ಲಿ ಹೊರತೆಗೆಯುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಮೊದಲೆರಡು ವಾರ ತ್ರಿಕೋನಗಳು ಮಾತ್ರ, ಮೂರನೇ ವಾರ ಕೆಂಪು ವೃತ್ತ, ಒಂದು ತಿಂಗಳ ಮೇಲೆ ಹಸಿರು. ಚಿಹ್ನೆ ಇಡುವ ಸಂಭ್ರಮದಲ್ಲಿ ವಾಕ್ಯ ಓದುವುದನ್ನೇ ಮಗು ಮರೆಯುತ್ತದೆ, ಆದ್ದರಿಂದ ಇಡುವ ಮುಂಚೆ ಒಮ್ಮೆ, ಇಟ್ಟ ಮೇಲೆ ಒಮ್ಮೆ ಗಟ್ಟಿಯಾಗಿ ಓದಿಸಿ. ಇದರಲ್ಲಿ ದಿನದಿನದ ಪಾಠಪಟ್ಟಿ ಸಿದ್ಧವಾಗಿ ಸಿಗುವುದಿಲ್ಲ, ವಾಕ್ಯಗಳನ್ನು ನೀವೇ ಹೊಸೆಯಬೇಕು. ಅಷ್ಟು ಬಿಡುವಿಲ್ಲದವರು ಮೊದಲ ಪುಸ್ತಕದ ಜೊತೆಗೆ ವಾರಕ್ಕೊಂದು ದಿನ ಮಾತ್ರ ಬಳಸಬಹುದು.

‘ಶರ್ಲಿ ಇಂಗ್ಲಿಷ್’ ಹಾಡಿನ ದಾರಿ ಹಿಡಿದಿದೆ. ಪ್ರತಿ ಪದಜಾತಿಗೂ ಒಂದು ಪುಟ್ಟ ಜಿಂಗಲ್, ಆಮೇಲೆ ವಾಕ್ಯವನ್ನು ಪ್ರಶ್ನೋತ್ತರದ ಸರಪಳಿಯಲ್ಲಿ ಬಿಡಿಸುವುದು: ಮಲಗಿದ್ದು ಯಾರು, ಬೆಕ್ಕು, ಅದು ಸಬ್ಜೆಕ್ಟ್, ಬೆಕ್ಕು ಏನು ಮಾಡಿತು, ಮಲಗಿತು, ಅದು ವರ್ಬ್. ಈ ಸರಪಳಿ ನಿಜಕ್ಕೂ ಒಳ್ಳೆಯ ಹತಾರ. ಕರ್ತೃ, ಕರ್ಮ ಕೇಳುವ ನಮ್ಮ ಕ್ರಮಕ್ಕೂ ಹತ್ತಿರ. ಆದರೆ ಗುರುಗಳ ಕೈಪಿಡಿ ದಪ್ಪ, ದಿನದ ಪಾಠ ಉದ್ದ, ತರಗತಿಗೆಂದು ಹೆಣೆದ ಗುಂಪಿನ ಲಯ ಒಂದೇ ಮಗುವಿರುವ ಮನೆಯಲ್ಲಿ ಕಳೆಗುಂದುತ್ತದೆ. ಇಬ್ಬರು ಮೂವರು ಮಕ್ಕಳು ಒಟ್ಟಿಗೆ ಕಲಿಯುವಲ್ಲಿ ಮಾತ್ರ ಇದನ್ನು ಕೊಳ್ಳಿ ಎಂದು ಹೇಳಬಲ್ಲೆ.

ವಾಂಡಾ ಫಿಲಿಪ್ಸ್ ಅವರ ‘ಈಜಿ ಗ್ರಾಮರ್’ ಹೆಸರಿಗೆ ತಕ್ಕಂತೆ ಸುಲಭ, ಪಾಠ ಕಲಿಸುವವರ ತಯಾರಿ ಅತಿ ಕಡಿಮೆ. ಇದರ ಜೀವಾಳ ಪ್ರೆಪೊಸಿಷನ್. ಮೊದಲು ಪ್ರೆಪೊಸಿಷನ್‌ಗಳ ಪಟ್ಟಿ ಬಾಯಿಪಾಠ, ಆಮೇಲೆ ವಾಕ್ಯದಲ್ಲಿ ಆ ಪದಗುಚ್ಛಗಳನ್ನು ಗೀಟು ಹಾಕಿ ಹೊಡೆದುಹಾಕುವುದು. ಉಳಿದದ್ದರಲ್ಲಿ ಸಬ್ಜೆಕ್ಟ್ ಮತ್ತು ವರ್ಬ್ ಹುಡುಕುವುದು ಬಲು ಸಲೀಸು. ಜಾಣ ಉಪಾಯ, ಸಂಶಯವಿಲ್ಲ. ಆದರೆ ಪಟ್ಟಿ ಬಾಯಿಪಾಠವಾದ ಮಗು ‘ಹಿ ಸ್ಟುಡ್ ಅಪ್’ ಎಂಬಲ್ಲಿ ‘ಅಪ್’ಗೂ ಗೀಟು ಹಾಕುತ್ತದೆ, ‘ಐ ವಾಂಟ್ ಟು ರನ್’ ಎಂಬಲ್ಲಿ ‘ಟು ರನ್’ ಕೂಡ ಹೊಡೆದುಹೋಗುತ್ತದೆ. ಪ್ರೆಪೊಸಿಷನ್ ಆದ ಮೇಲೆ ಅದಕ್ಕೆ ಸೇರಿದ ನೌನ್ ಅಥವಾ ಪ್ರೋನೌನ್ ಇರಲೇಬೇಕು ಎಂಬ ಪರೀಕ್ಷೆಯನ್ನು ಮೊದಲ ದಿನವೇ ಕಲಿಸಬೇಕು. ಪ್ರೆಪೊಸಿಷನ್ ನೌನಿಗಿಂತ ಮೊದಲು ಬರುವ ಭಾಷೆಯೇ ಹೊಸದಾಗಿರುವ ಮಗುವಿಗೆ ಈ ಪಟ್ಟಿ ಬರೀ ಸದ್ದು. ಮೂರನೇ ತರಗತಿಗೆ ಮುಂಚೆ ಬೇಡ. ಅವರದೇ ‘ಡೈಲಿ ಗ್ರಾಮ್ಸ್’ ಬೇರೆ ಜಾತಿಯದು: 180 ದಿನಕ್ಕೆ ದಿನಕ್ಕೊಂದು ಪುಟ. ದೊಡ್ಡಕ್ಷರ, ವಿರಾಮಚಿಹ್ನೆ, ಒಂದೆರಡು ವ್ಯಾಕರಣದ ಪ್ರಶ್ನೆ, ಕಡೆಗೆ ಎರಡು ಬಿಡಿ ವಾಕ್ಯ ಕೂಡಿಸಿ ಒಂದು ಮಾಡುವುದು. ಮುಖ್ಯ ಪಾಠವಾಗಿ ಇದು ಸಾಲದು, ಕಲಿತದ್ದು ಮರೆಯದಿರಲು ತುಂಬ ಒಳ್ಳೆಯದು. ಎರಡು ವಾಕ್ಯ ಕೂಡಿಸುವ ಆ ಕಡೆಯ ಪ್ರಶ್ನೆಯನ್ನು ಮಾತ್ರ ಬಾಯಲ್ಲಿ ಮಾಡಿಸಿದರೂ ಲಾಭವೇ.

‘ರಾಡ್ ಅಂಡ್ ಸ್ಟಾಫ್ ಇಂಗ್ಲಿಷ್’ ಎರಡನೇ ತರಗತಿಯಿಂದ ಶುರು. ಗಟ್ಟಿ ಪುಸ್ತಕ, ಬಾಯಿಮಾತಿನ ಅಭ್ಯಾಸ ಬೇಕಾದಷ್ಟಿದೆ. ಮೆನೊನೈಟ್ ಕ್ರೈಸ್ತ ಪ್ರಕಾಶಕರದು, ಬೈಬಲ್ಲಿನ ವಾಕ್ಯಗಳು ಪಾಠದುದ್ದಕ್ಕೂ ಬರುತ್ತವೆ. ಕೊಳ್ಳುವ ಮುಂಚೆ ತಿಳಿದಿರಲಿ. ಲಿಖಿತ ಅಭ್ಯಾಸ ಬಹಳ, ಬೆಸ ಸಂಖ್ಯೆಯ ಪ್ರಶ್ನೆಗಳನ್ನೇ ಮಾಡಿಸಿ ಸಮಸಂಖ್ಯೆಯವನ್ನು ಬಿಡಬಹುದು. ‘ಫಿಕ್ಸ್ ಇಟ್’ ಎಂಬ ಬೇರೊಂದು ಪುಸ್ತಕ ವಾರಕ್ಕೆ 4 ದಿನ, ದಿನಕ್ಕೊಂದು ತಪ್ಪುಳ್ಳ ವಾಕ್ಯ ಕೊಟ್ಟು ತಿದ್ದಿಸಿ, ತಿದ್ದಿದ್ದನ್ನು ಚೆನ್ನಾಗಿ ಬರೆಸುತ್ತಾ ಒಂದು ಕಥೆ ಕಟ್ಟುತ್ತದೆ. ಚೆಂದದ ಯೋಚನೆ. ಆದರೆ ಸರಿಯಾದ ಇಂಗ್ಲಿಷ್ ಇನ್ನೂ ಕಿವಿಗೆ ಕೂರದ ಮಗುವಿನ ಕಣ್ಣಿಗೆ ದಿನಾ ತಪ್ಪು ವಾಕ್ಯ ಬೀಳುವುದು ನನಗೆ ಒಪ್ಪಿಗೆಯಿಲ್ಲ. ಒಂಬತ್ತು ದಾಟಲಿ.

ಮೈಕೆಲ್ ಕ್ಲೇ ಥಾಂಪ್ಸನ್ ಅವರ ‘ಗ್ರಾಮರ್ ಐಲ್ಯಾಂಡ್’ ಬೇರೆಯೇ ಲೋಕ. ಚಿತ್ರ ತುಂಬಿದ ಪುಟಗಳು, ಪುಟಕ್ಕೆ ಕೆಲವೇ ಪದ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆಯಂತೆ ಓದುವ ಪುಸ್ತಕ. ಪದಜಾತಿ, ವಾಕ್ಯದ ಅಂಗ, ಪದಗುಚ್ಛ, ಉಪವಾಕ್ಯ ಎಲ್ಲವನ್ನೂ ಮೊದಲೇ ಒಂದು ಸುತ್ತು ಪೂರ್ತಿ ತೋರಿಸಿಬಿಡುತ್ತಾರೆ. ಆಮೇಲೆ ‘ಪ್ರಾಕ್ಟೀಸ್ ಐಲ್ಯಾಂಡ್’ನ 100 ವಾಕ್ಯಗಳನ್ನು ಒಂದೊಂದಾಗಿ ಈ ನಾಲ್ಕು ಪದರದಲ್ಲಿ ಬಿಡಿಸುವುದು. ವಾರಕ್ಕೆ ಮೂರು ನಾಲ್ಕು ವಾಕ್ಯ ಸಾಕು. ವ್ಯಾಕರಣ ಚೆಲುವಾದ ವಿಷಯ ಎಂದು ಮಗುವಿಗೆ ಅನ್ನಿಸುವ ಹಾಗೆ ಬರೆದದ್ದು ಈ ಪಟ್ಟಿಯಲ್ಲಿ ಇದೊಂದೇ. ಓದಿನ ರುಚಿ ಹತ್ತಿದ ಎಂಟು ಒಂಬತ್ತರ ಮಗುವಿಗೆ ಕೊಡಿ. ಆರಕ್ಕೇ ಕೊಟ್ಟರೆ ಚಿತ್ರ ನೋಡಿ ಮುಚ್ಚಿಡುತ್ತದೆ.

ಯಾವುದನ್ನು ಕೊಳ್ಳುವ ಮುಂಚೆಯೂ ಪ್ರಕಾಶಕರು ಕೊಡುವ ಮಾದರಿ ಪುಟಗಳನ್ನು ಇಳಿಸಿಕೊಂಡು ಪರೀಕ್ಷಿಸಿ. ಮೊದಲ ಪಾಠ ಎಲ್ಲರದೂ ಚೆಂದ, ಪುಸ್ತಕದ ನಡುವಿನ ಪಾಠ ಸಿಕ್ಕರೆ ಅದನ್ನು ತೆಗೆಯಿರಿ. ಮಗು ಪೆನ್ಸಿಲಿನಿಂದ ಎಷ್ಟು ಪದ ಬರೆಯಬೇಕು ಎಂದು ಎಣಿಸಿ. ಆರು ವರ್ಷಕ್ಕೆ ಐದಾರು ಪದದ ಒಂದು ವಾಕ್ಯ ಸಾಕು. ಇಪ್ಪತ್ತು ದಾಟಿದರೆ ಕೈ ಸೋತು, ವ್ಯಾಕರಣ ಬರುವುದಿಲ್ಲ ಎಂದು ನಾವು ತಪ್ಪು ತಿಳಿಯುತ್ತೇವೆ. ಹಳೆಯ ಪಾಠದ ಪ್ರಶ್ನೆ ಅದರಲ್ಲಿ ಇದೆಯೇ ನೋಡಿ. ಹತ್ತು ಪಾಠದ ಹಿಂದಿನದು ಎಲ್ಲೂ ಮರಳಿ ಬಾರದಿದ್ದರೆ ಕಲಿತದ್ದು ನಿಲ್ಲುವುದಿಲ್ಲ. ಕಡೆಯದಾಗಿ, ಅಭ್ಯಾಸದ ವಾಕ್ಯಗಳೆಲ್ಲ ಒಂದೇ ಅಚ್ಚಿನವೇ ಎಂದು ಗಮನಿಸಿ. ಹತ್ತಕ್ಕೆ ಹತ್ತರಲ್ಲೂ ಮೂರನೇ ಪದವೇ ವರ್ಬ್ ಆಗಿದ್ದರೆ ಮಗು ಓದದೆಯೇ ಮೂರನೆಯದಕ್ಕೆ ಗೆರೆ ಎಳೆದು ನೂರಕ್ಕೆ ನೂರು ತೆಗೆದುಕೊಳ್ಳುತ್ತದೆ. ಅನುಮಾನ ಬಂದರೆ ಅದೇ ವಾಕ್ಯವನ್ನು ‘ಎಸ್ಟರ್‌ಡೇ’ ಎಂದು ಶುರುಮಾಡಿ ಬರೆದುಕೊಟ್ಟು ನೋಡಿ: ಗೆರೆ ಎಲ್ಲಿ ಬೀಳುತ್ತದೆ ಎಂಬುದರಲ್ಲೇ ಉತ್ತರ ಸಿಗುತ್ತದೆ.