ಸೈಲೇಜ್ ಚೀಲ ಕೊಳ್ಳುವಾಗ ಒಳಪದರ ನೋಡಿ

ಹೊರಗಿನ ನೇಯ್ದ ಚೀಲದ ದಪ್ಪ, ಹಿಡಿಕೆ, ಅದರ ಮೇಲಿನ ಬಣ್ಣದ ಅಚ್ಚು ನೋಡಿ ಒಂದು ಟನ್ನಿನ ಸೈಲೇಜ್ ಚೀಲ ಕೊಳ್ಳುವವರೇ ಜಾಸ್ತಿ. ಸೈಲೇಜ್ ಎಂದರೆ ರಸಮೇವು, ಗಾಳಿಯಾಡದಂತೆ ಕಟ್ಟಿಟ್ಟು ಹುಳಿ ಬರಿಸಿದ ಹಸಿಮೇವು. ಹಲವು ಹಂಗಾಮು ಬಳಸಿದ ಮೇಲೆ ಹೇಳುವುದಾದರೆ, ಹೊರಚೀಲದ ಕೆಲಸ ಭಾರ ಹೊರುವುದಷ್ಟೇ. ರಸಮೇವಿನ ಸತ್ವ ಕಾಯುವುದು ಒಳಗಿನ ಪ್ಲಾಸ್ಟಿಕ್.

ಹಸಿಮೇವಿನಿಂದ ಉಳಿಸಿಕೊಳ್ಳಬೇಕಾದ ಮುಖ್ಯ ವಿಟಮಿನ್‌ಗಳು ಎರಡು. ಒಂದು ಬೀಟಾ ಕ್ಯಾರೋಟಿನ್. ಹಸುವಿನ ಮೈಯಲ್ಲಿ ಅದೇ ವಿಟಮಿನ್ ಎ ಆಗುತ್ತದೆ. ಇನ್ನೊಂದು ವಿಟಮಿನ್ ಇ. ಬಿ ಗುಂಪಿನವು ಹೊಟ್ಟೆಯೊಳಗಿನ ಸೂಕ್ಷ್ಮಾಣುಗಳಿಂದ ಸಿಗುತ್ತವೆ, ಡಿ ಬಿಸಿಲಲ್ಲಿ ನಿಂತರೆ ಬರುತ್ತದೆ. ಎ, ಇ ಎರಡನ್ನೂ ಕೊಲ್ಲುವುದು ಗಾಳಿ, ಬೆಳಕು, ಕಾವು. ಅದಕ್ಕೇ ಒಳಪದರ ಕಪ್ಪಗಿರಬೇಕು, ಕನಿಷ್ಠ 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ದಪ್ಪ ಇರಬೇಕು. 150 ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ತುಂಬುವ ಮೊದಲು ಬಿಸಿಲಿಗೆ ಹಿಡಿದು ಒಳಗಿನಿಂದ ನೋಡಿ, ಸೂಜಿತೂತುಗಳು ಚುಕ್ಕಿಯಂತೆ ಹೊಳೆಯುತ್ತವೆ. ಅಲ್ಲಿಗೆ ಸೈಲೇಜ್ ಟೇಪ್ ಹಚ್ಚಿ. ರಟ್ಟಿನ ಡಬ್ಬಕ್ಕೆ ಹಾಕುವ ಟೇಪ್ ಬಿಸಿಲಿಗೆ ಏಳುತ್ತದೆ.

ಆದರೆ ಚೀಲಕ್ಕೆ ಬರುವ ಮೊದಲೇ ಕ್ಯಾರೋಟಿನ್ ಹೋಗಿದ್ದರೆ ಯಾವ ಚೀಲವೂ ತಂದುಕೊಡದು. ಮೆಕ್ಕೆಜೋಳವನ್ನು ಕಾಳು ಹಿಟ್ಟಾಗುವ ಹಂತದಲ್ಲಿ, ಕೆಳಗಿನ ಎಲೆ ಪೂರ್ತಿ ಒಣಗುವ ಮುಂಚೆ ಕೊಯ್ದು, ಅದೇ ದಿನ 1–2 ಸೆಂ.ಮೀ. ತುಂಡು ಮಾಡಿ ತುಂಬಬೇಕು. ನೇಪಿಯರ್ ಮೇವಿನ ಹುಲ್ಲಿನಲ್ಲಿ ನೀರು ಹೆಚ್ಚು, ಸಕ್ಕರೆ ಕಡಿಮೆ. ಅದನ್ನು ಅರ್ಧ ದಿನ ನೆರಳಲ್ಲಿ ಬಾಡಿಸಿ, ಟನ್ನಿಗೆ 20 ಕೆ.ಜಿ. ಕಾಕಂಬಿ ಬೆರೆಸಿ. ಎರಡು ದಿನ ಬಿಸಿಲಲ್ಲಿ ಹರಡಿದರೆ ತೂಕದ ಜೊತೆ ವಿಟಮಿನ್ನೂ ಇಳಿಯುತ್ತದೆ.

ತುಂಬುವಾಗ ಅರ್ಧ ಅಡಿಗೊಮ್ಮೆ ತುಳಿಯಿರಿ, ಮೂಲೆಗಳನ್ನು ವಿಶೇಷವಾಗಿ. ಬೂಷ್ಟು ಶುರುವಾಗುವುದು ಅಲ್ಲೇ. ಬಾಯಿಯ ಗಾಳಿ ಒತ್ತಿ ತೆಗೆದು, ತಿರುಚಿ, ಮಡಚಿ ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿಯಿರಿ. ಪ್ಲಾಸ್ಟಿಕ್ ಹುರಿ ಜಾರುತ್ತದೆ.

40–45 ದಿನದ ನಂತರ ಬಿಚ್ಚಿದಾಗ ಹಸಿರು ಮಾಸಿ ಆಲಿವ್ ಬಣ್ಣ ಬಂದಿದ್ದರೆ ಗಾಬರಿ ಬೇಡ. ಆಮ್ಲದಲ್ಲಿ ಪತ್ರಹರಿತ್ತಿನ ಬಣ್ಣ ಬದಲಾಗುವುದು ಸಹಜ, ಅದರಿಂದ ಕ್ಯಾರೋಟಿನ್ ಹೋಯಿತೆಂದಲ್ಲ. ಕಡುಕಂದು ಬಣ್ಣ, ಹೊಗೆಸೊಪ್ಪಿನ ವಾಸನೆ ಬಂದರೆ ಮಾತ್ರ ಒಳಗೆ ಕಾವೇರಿದೆ ಎಂದರ್ಥ. ಅಂಥದ್ದನ್ನು ಹಸು ತಿಂದರೂ ವಿಟಮಿನ್ ಲೆಕ್ಕಕ್ಕೆ ಹಿಡಿಯಬೇಡಿ.

ಈ ಅಳತೆಯ ಚೀಲದ ದೊಡ್ಡ ಕೊರತೆ ಬಿಚ್ಚಿದ ಮೇಲಿನದು. ಹಸುವಿಗೆ ದಿನಕ್ಕೆ 15–20 ಕೆ.ಜಿ. ಅಂದರೆ ಹತ್ತು ಹಸುವಿರುವಲ್ಲಿ ವಾರದೊಳಗೆ ಖಾಲಿ. ಎರಡೇ ಹಸುವಿದ್ದರೆ ತಿಂಗಳಿಡೀ ಬಾಯಿ ತೆರೆದೇ ಇರುತ್ತದೆ, ಬೇಸಿಗೆಯಲ್ಲಂತೂ ಮೇಲ್ಪದರ ಬಿಸಿಯಾಗಿ ಕೆಡುತ್ತದೆ. ಅಂಥವರಿಗೆ 50 ಕೆ.ಜಿ. ಚೀಲಗಳೇ ಸರಿ, ಕೂಲಿ ಹೆಚ್ಚಾದರೂ. ಇಲಿ ಕಾಟವೂ ಇದೆ: ಚೀಲಗಳನ್ನು ಗೋಡೆಗೆ ಆನಿಸದೆ, ಸುತ್ತ ನಡೆದಾಡುವಷ್ಟು ಜಾಗ ಬಿಟ್ಟು ನೆರಳಲ್ಲಿಡಿ. ಹೊರಚೀಲ ಎರಡು-ಮೂರು ಹಂಗಾಮು ಬಾಳುತ್ತದೆ, ಒಳಪದರವನ್ನು ಪ್ರತಿ ಸಲ ಹೊಸದು ಹಾಕಿ.

ಮೇವು ಬೇಗ ಹುಳಿಯಾಗಲೆಂದು ಬೆರೆಸುವ ಕಲ್ಚರ್ (ಬ್ಯಾಕ್ಟೀರಿಯಾ) ಪುಡಿಗೆ ಕೊಡುವ ದುಡ್ಡು? ಒಳ್ಳೆಯ ಮೆಕ್ಕೆಜೋಳಕ್ಕೆ ಅದು ಬೇಕೇಬೇಕೆಂದಿಲ್ಲ. ಆ ಹಣ ದಪ್ಪ ಪದರಕ್ಕೆ ಹೋಗಲಿ. ಎಷ್ಟೇ ಚೆನ್ನಾಗಿ ಕಟ್ಟಿದರೂ ತಿಂಗಳುಗಟ್ಟಲೆ ಇಟ್ಟಂತೆ ವಿಟಮಿನ್ ಇ ಇಳಿಯುತ್ತಲೇ ಇರುತ್ತದೆ. ಹಾಗಾಗಿ ತುಂಬು ಗಬ್ಬದ ಹಸುವಿಗೆ ಹಳೆಯ ರಸಮೇವೊಂದನ್ನೇ ನಂಬದೆ, ಕುದುರೆ ಮೆಂತ್ಯವನ್ನೋ ನುಗ್ಗೆ ಸೊಪ್ಪನ್ನೋ ಹಸಿಯಾಗಿಯೇ ಹಾಕಿ, ಖನಿಜ ಮಿಶ್ರಣ ಕೊಳ್ಳುವಾಗ ಎ, ಡಿ3, ಇ ಸೇರಿಸಿದ್ದನ್ನು ಕೇಳಿ.